ಸನದಿನಿಂದ ಸಂಶೋಧನೆಯವರೆಗೆ: ವಿಶ್ವವಿದ್ಯಾನಿಲಯಗಳಲ್ಲಿ ಧರ್ಮ ಮತ್ತು ಮಾಧ್ಯಮದ ಅಧ್ಯಯನ

ಪತ್ರಿಕೋದ್ಯಮವನ್ನೋ ಸಮೂಹ ಸಂವಹನವನ್ನೋ ಓದಬೇಕೆಂದು ಬಯಸುವ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಆಕ್ಷೇಪಗಳು ಎದುರಾಗುತ್ತವೆ. ಅದರಲ್ಲಿ ಹೊಟ್ಟೆಪಾಡಿಗೆ ದಾರಿಯಿಲ್ಲ ಎಂಬುದು ಒಂದು. ಅದು ದೀನಿಗೆ ಸಂಬಂಧಪಟ್ಟ ವಿದ್ಯೆಯೇ ಅಲ್ಲ ಎಂಬುದು ಮತ್ತೊಂದು. ಮೊದಲನೆಯ ಆಕ್ಷೇಪಕ್ಕೆ ಆ ವೃತ್ತಿಯಲ್ಲಿರುವವರು ಉತ್ತರ ಹೇಳಲಿ. ಎರಡನೆಯದಕ್ಕೆ ಇತಿಹಾಸದಲ್ಲೇ ಉತ್ತರವಿದೆ. ಆ ಉತ್ತರವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಧರ್ಮದ ಸಂದೇಶವು ಯಾವ ವಾಹಕದ ಮೂಲಕ ಜನರನ್ನು ತಲುಪುತ್ತದೆ? ಬಾಯಿಮಾತಿನಿಂದ ಹಸ್ತಪ್ರತಿಗೆ, ಹಸ್ತಪ್ರತಿಯಿಂದ ಅಚ್ಚಿಗೆ, ಅಚ್ಚಿನಿಂದ ರೇಡಿಯೋಗೆ, ರೇಡಿಯೋದಿಂದ ಮೊಬೈಲಿಗೆ ವಾಹಕ ಬದಲಾದಂತೆಲ್ಲ ಧಾರ್ಮಿಕ ಜೀವನದಲ್ಲಿ ಏನೇನು ಬದಲಾಗುತ್ತದೆ? ಯಾರ ಮಾತಿಗೆ ಬೆಲೆ ಹೆಚ್ಚುತ್ತದೆ, ಯಾರ ಮಾತಿಗೆ ಕುಗ್ಗುತ್ತದೆ? ಈ ಪ್ರಶ್ನೆಗಳನ್ನು ಜಗತ್ತಿನ ಹಲವು ವಿಶ್ವವಿದ್ಯಾನಿಲಯಗಳು ಇಂದು ಒಂದು ಪ್ರತ್ಯೇಕ ಅಧ್ಯಯನ ಕ್ಷೇತ್ರವಾಗಿ ಬೆಳೆಸಿವೆ. ಈ ಕ್ಷೇತ್ರದ ಗ್ರಂಥಗಳನ್ನು ಓದುವಾಗ, ಮದ್ರಸದಲ್ಲಿ ಹದೀಸ್ ವಿದ್ಯೆಯ ಪಾಠ ಕೇಳಿದವರಿಗೆ ಪರಿಚಿತ ಊರಿಗೆ ಬೇರೊಂದು ದಾರಿಯಿಂದ ಬಂದ ಅನುಭವವಾಗುತ್ತದೆ. ಆದರೆ ಆ ಊರಿನಲ್ಲಿ ನಮ್ಮ ಮಕ್ಕಳು ವಿರಳ. ಅಲ್ಲಿ ನಮ್ಮನ್ನು ಕುರಿತು ಬರೆಯುವವರು ಅನೇಕರು. ನಮ್ಮಿಂದ ಹೋಗಿ ಬರೆಯುವವರು ಕೆಲವರು.

ವಿಶ್ವವಿದ್ಯಾನಿಲಯವು ಈ ಪ್ರಶ್ನೆಗೆ ಬಂದ ಬಗೆ

ಈ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲಿಗರು ಧರ್ಮಪಂಡಿತರೂ ಅಲ್ಲ, ಪತ್ರಕರ್ತರೂ ಅಲ್ಲ, ಅವರೊಬ್ಬ ಅರ್ಥಶಾಸ್ತ್ರಜ್ಞ. ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಹೆರಾಲ್ಡ್ ಇನ್ನಿಸ್ ತಮ್ಮ ದೇಶದ ತುಪ್ಪಳದ ವ್ಯಾಪಾರ, ಮೀನುಗಾರಿಕೆ ಮುಂತಾದವುಗಳ ಇತಿಹಾಸವನ್ನು ಬರೆದವರು. ಜೀವನದ ಕೊನೆಯ ವರ್ಷಗಳಲ್ಲಿ, 1950 ಮತ್ತು 1951ರಲ್ಲಿ, ಅವರು ಸಾಮ್ರಾಜ್ಯಗಳಿಗೂ ಬರಹದ ಸಾಮಗ್ರಿಗಳಿಗೂ ಇರುವ ಸಂಬಂಧವನ್ನು ಕುರಿತು ಎರಡು ಗ್ರಂಥಗಳನ್ನು ಪ್ರಕಟಿಸಿದರು. ಕಲ್ಲು, ಜೇಡಿಮಣ್ಣಿನ ಹಲಗೆ ಮುಂತಾದ ಭಾರವಾದ ವಾಹಕಗಳು ಕಾಲವನ್ನು ಜಯಿಸುತ್ತವೆ. ಪಪೈರಸ್, ಕಾಗದ ಮುಂತಾದ ಹಗುರ ವಾಹಕಗಳು ದೂರವನ್ನು ಜಯಿಸುತ್ತವೆ. ಒಂದು ಸಮಾಜದ ಅಧಿಕಾರವು ಅದರ ಕೈಯಲ್ಲಿರುವ ವಾಹಕದ ಸ್ವಭಾವಕ್ಕೆ ತಕ್ಕಂತೆ ರೂಪುಗೊಳ್ಳುತ್ತದೆ ಎಂಬುದು ಅವರ ವಾದದ ತಿರುಳು.

ಅದೇ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಪ್ರಾಧ್ಯಾಪಕ ಮಾರ್ಷಲ್ ಮೆಕ್ಲೂಹನ್ 1962 ಮತ್ತು 1964ರ ತಮ್ಮ ಗ್ರಂಥಗಳ ಮೂಲಕ ಈ ವಿಚಾರವನ್ನು ಜಗತ್ತಿನಾದ್ಯಂತ ಚರ್ಚೆಗೆ ತಂದರು. ವಾಹಕವು ಕೇವಲ ಪಾತ್ರೆಯಲ್ಲ, ಒಳಗೆ ತುಂಬಿದ ವಸ್ತುವಿನಷ್ಟೇ ಅದೂ ಮನುಷ್ಯನನ್ನು ತಿದ್ದುತ್ತದೆ ಎಂಬುದು ಅವರ ನಿಲುವು. ಮೆಕ್ಲೂಹನ್ನರ ಬಳಿ ಓದಿದ ಜೆಸ್ಯೂಟ್ ಪಾದ್ರಿ ವಾಲ್ಟರ್ ಆಂಗ್, 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಯಿಮಾತಿನ ಸಂಸ್ಕೃತಿಗೂ ಬರಹದ ಸಂಸ್ಕೃತಿಗೂ ಇರುವ ಅಂತರವನ್ನು ವಿವರಿಸಿದರು. ಇತಿಹಾಸಕಾರ್ತಿ ಎಲಿಜಬೆತ್ ಐಸೆನ್‌ಸ್ಟೈನ್ 1979ರಲ್ಲಿ ಎರಡು ಸಂಪುಟಗಳಲ್ಲಿ ಯುರೋಪಿನ ಮುದ್ರಣ ಯಂತ್ರದ ಪರಿಣಾಮಗಳನ್ನು ದಾಖಲಿಸಿದರು. 1517ರಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಕ್ರೈಸ್ತ ಸುಧಾರಣಾ ಚಳವಳಿಯು ಅಚ್ಚಿನ ಯಂತ್ರವಿಲ್ಲದೆ ಆ ವೇಗದಲ್ಲಿ ಹರಡಲು ಸಾಧ್ಯವಿರಲಿಲ್ಲ ಎಂಬುದು ಅವರ ಕೃತಿಯ ಪ್ರಮುಖ ಪ್ರತಿಪಾದನೆಗಳಲ್ಲೊಂದು.

ಅಮೆರಿಕದಲ್ಲಿ 1970 ಮತ್ತು 80ರ ದಶಕಗಳಲ್ಲಿ ದೂರದರ್ಶನದ ಪಾದ್ರಿಗಳು ಕೋಟ್ಯಂತರ ಡಾಲರುಗಳ ಸಂಸ್ಥೆಗಳನ್ನು ಕಟ್ಟಿದಾಗ ವಿದ್ವಾಂಸರ ಗಮನ ವರ್ತಮಾನದ ಕಡೆಗೂ ಹರಿಯಿತು. ಸ್ಟೂವರ್ಟ್ ಹೂವರ್ 1988ರಲ್ಲಿ ಅಂತಹ ಒಂದು ಕಾರ್ಯಕ್ರಮದ ವೀಕ್ಷಕರನ್ನು ಸಂದರ್ಶಿಸಿ, ಅವರು ಅದನ್ನು ತಮ್ಮ ಧಾರ್ಮಿಕ ಬದುಕಿನಲ್ಲಿ ಹೇಗೆ ಬಳಸಿಕೊಳ್ಳುತ್ತಾರೆ ಎಂಬುದನ್ನು ಅಧ್ಯಯನ ಮಾಡಿದರು. ಅಲ್ಲಿಗೆ ಪ್ರಶ್ನೆಯು ಹೇಳುವವನಿಂದ ಕೇಳುವವನ ಕಡೆಗೆ ತಿರುಗಿತು. 1993ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿಯೂ 1996ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯವಿರುವ ಬೋಲ್ಡರ್ ನಗರದಲ್ಲಿಯೂ ಮಾಧ್ಯಮ, ಧರ್ಮ ಮತ್ತು ಸಂಸ್ಕೃತಿಯನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನಗಳು ನಡೆದವು. 2002ರಲ್ಲಿ ಈ ವಿಷಯಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆಯೊಂದು ಆರಂಭವಾಯಿತು. 2003ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಧರ್ಮ ಮತ್ತು ಮಾಧ್ಯಮ ಕೇಂದ್ರವು ಸ್ಥಾಪನೆಯಾಯಿತು. ಹೀಗೆ ಅರ್ಧ ಶತಮಾನದ ಅವಧಿಯಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಪ್ರಶ್ನೆಗಳು ಒಂದು ಶಾಸ್ತ್ರದ ರೂಪವನ್ನು ಪಡೆದವು.

ಹದೀಸ್ ವಿದ್ಯೆಯ ಎಂಟು ದಾರಿಗಳು

ಈಗ ನಮ್ಮ ಪರಂಪರೆಯ ಕಡೆಗೆ ಬರೋಣ. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಝರು ಹುತಾತ್ಮರಾದಾಗ ಕುರ್‌ಆನನ್ನು ಒಂದೆಡೆ ಬರೆದಿಡಬೇಕೆಂದು ಹಝ್ರತ್ ಉಮರ್(ರ) ಸಲಹೆ ನೀಡಿದರು. ಪ್ರವಾದಿ(ಸ)ಯವರು ಮಾಡದ ಕೆಲಸವನ್ನು ತಾನು ಹೇಗೆ ಮಾಡಲಿ ಎಂದು ಹಝ್ರತ್ ಅಬೂಬಕರ್(ರ) ಮೊದಲಿಗೆ ಹಿಂಜರಿದರು. ಬಳಿಕ ಒಪ್ಪಿ ಆ ಹೊಣೆಯನ್ನು ಝೈದ್ ಬಿನ್ ಸಾಬಿತ್(ರ)ರಿಗೆ ವಹಿಸಿದರು. ಹಝ್ರತ್ ಉಸ್ಮಾನ್(ರ)ರು ಮುಸ್‌ಹಫ್‌ನ ಪ್ರತಿಗಳನ್ನು ಮಾಡಿಸಿ ಪ್ರಮುಖ ನಗರಗಳಿಗೆ ಕಳುಹಿಸಿದಾಗ ಪ್ರತಿಯೊಂದರ ಜೊತೆಗೂ ಒಬ್ಬ ಪಾರಾಯಣಗಾರರನ್ನು ಗೊತ್ತುಪಡಿಸಿದರೆಂದು ನಮ್ಮ ಪರಂಪರೆಯ ವಿವರಣೆಗಳು ತಿಳಿಸುತ್ತವೆ. ಕೂಫಾಕ್ಕೆ ಗೊತ್ತುಪಡಿಸಲಾದವರು ಅಬೂ ಅಬ್ದುರ್ರಹ್ಮಾನ್ ಅಸ್ಸುಲಮೀ(ರ). ಬರಹವನ್ನು ಒಪ್ಪಿಕೊಂಡರು, ಆದರೆ ಬರಹವನ್ನು ಒಂಟಿಯಾಗಿ ಕಳುಹಿಸಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹದೀಸಿನ ವಿಷಯದಲ್ಲಿ ಈ ಎಚ್ಚರವು ಒಂದು ಶಾಸ್ತ್ರವಾಗಿಯೇ ಬೆಳೆಯಿತು. ದಮಾಸ್ಕಸ್ಸಿನ ಅಶ್ರಫಿಯ್ಯಾ ದಾರುಲ್ ಹದೀಸಿನಲ್ಲಿ ಪಾಠ ಹೇಳುತ್ತಿದ್ದ ಇಮಾಮ್ ಇಬ್ನು ಸ್ಸಲಾಹ್(ರ) (ಮರಣ ಹಿಜರಿ 643, ಕ್ರಿ.ಶ. 1245) ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಹದೀಸನ್ನು ಪಡೆಯುವ ಎಂಟು ದಾರಿಗಳನ್ನು ವಿಂಗಡಿಸಿದ್ದಾರೆ. ಗುರುವಿನ ಬಾಯಿಂದ ನೇರವಾಗಿ ಕೇಳುವುದು ಸಮಾಅ್. ಶಿಷ್ಯನು ಗುರುವಿನ ಮುಂದೆ ಓದಿ ಒಪ್ಪಿಸುವುದು ಕಿರಾಅತ್. ಗುರುವು ತನ್ನ ಗ್ರಂಥವನ್ನು ಉದ್ಧರಿಸಲು ಅನುಮತಿ ನೀಡುವುದು ಇಜಾಝತ್. ಗ್ರಂಥವನ್ನು ಕೈಯಾರೆ ಒಪ್ಪಿಸುವುದು ಮುನಾವಲ. ಪತ್ರದ ಮೂಲಕ ಬರೆದು ಕಳುಹಿಸುವುದು ಮುಕಾತಬ. ಇದು ನಾನು ಕೇಳಿದ್ದೇನೆಂದು ತಿಳಿಸುವುದಷ್ಟೇ ಇಅ್‌ಲಾಮ್. ಮರಣಕಾಲದಲ್ಲಿ ಅಥವಾ ಪ್ರಯಾಣಕ್ಕೆ ಮೊದಲು ಗ್ರಂಥವನ್ನು ಒಬ್ಬರಿಗೆ ಬಿಟ್ಟುಹೋಗುವುದು ವಸಿಯ್ಯತ್. ಕೊನೆಯದು ವಿಜಾದ: ಯಾರಿಂದಲೂ ಕೇಳದೆ, ಅನುಮತಿಯೂ ಇಲ್ಲದೆ, ಬರೆದಿಟ್ಟದ್ದನ್ನು ಕಂಡು ಓದುವುದು.

ಈ ಎಂಟು ದಾರಿಗಳಿಗೆ ಸಮಾನ ಬೆಲೆ ಇರಲಿಲ್ಲ. ಮೊದಲಿನದಕ್ಕೆ ಹೆಚ್ಚು ಬೆಲೆ, ಕೊನೆಯದಕ್ಕೆ ತೀರಾ ಕಡಿಮೆ. ಇದಲ್ಲದೆ, ಯಾವ ದಾರಿಯಿಂದ ಪಡೆದೆನೆಂಬುದನ್ನು ವರದಿಗಾರನು ತನ್ನ ಮಾತಿನಲ್ಲೇ ಪ್ರಕಟಪಡಿಸಬೇಕಿತ್ತು. ನೇರವಾಗಿ ಕೇಳಿದ್ದರೆ ‘ಹದ್ದಸನಾ’ ಎನ್ನಬೇಕು. ಬರಹದಲ್ಲಿ ಕಂಡದ್ದಾದರೆ ‘ವಜದ್‌ತು’ ಎನ್ನಬೇಕು. ಕಂಡದ್ದನ್ನು ಕೇಳಿದ್ದೆಂದು ಹೇಳುವುದು ದೋಷವೆನಿಸುತ್ತಿತ್ತು. ಸಂದೇಶವನ್ನು ತೂಗುವ ಮೊದಲು ಅದು ಬಂದ ದಾರಿಯನ್ನು ತೂಗಬೇಕೆಂಬುದು ಇದರ ತಾತ್ಪರ್ಯ. ಇಪ್ಪತ್ತನೆಯ ಶತಮಾನದ ವಿಶ್ವವಿದ್ಯಾನಿಲಯಗಳು ವಾಹಕದ ಬಗ್ಗೆ ಎತ್ತಿದ ಪ್ರಶ್ನೆಯ ಒಂದು ಮುಖ್ಯ ಭಾಗವನ್ನು ನಮ್ಮ ಮುಹದ್ದಿಸರು ಏಳು ನೂರು ವರ್ಷಗಳ ಹಿಂದೆಯೇ ಕ್ರಮಬದ್ಧವಾಗಿ ಎತ್ತಿದ್ದರು ಎಂದರೆ ಅತಿಶಯೋಕ್ತಿಯಾಗದು.

ಇದನ್ನು ಹೇಳುವುದು ಹೆಮ್ಮೆಪಟ್ಟು ಸುಮ್ಮನಾಗುವುದಕ್ಕಲ್ಲ. ಮುಹದ್ದಿಸರ ಮುಂದಿದ್ದುದು ಬಾಯಿಮಾತು ಮತ್ತು ಹಸ್ತಪ್ರತಿ ಮಾತ್ರ. ಆ ಬಳಿಕ ಬಂದ ವಾಹಕಗಳನ್ನು ಅದೇ ಸೂಕ್ಷ್ಮತೆಯಿಂದ ಅಳೆಯುವ ಕೆಲಸ ಉಳಿದಿದೆ. ಆ ಕೆಲಸದ ಬಹುಪಾಲನ್ನು ಇಂದು ಮಾಡುತ್ತಿರುವವರು ವಿಶ್ವವಿದ್ಯಾನಿಲಯಗಳ ಸಂಶೋಧಕರು.

ಮುದ್ರಣದ ಬಗೆಗಿನ ಒಂದು ಅಪವಾದ

ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ನಮಗಾಗುವ ಲಾಭವೇನು ಎಂಬುದಕ್ಕೆ ಒಂದು ಉದಾಹರಣೆಯನ್ನು ನೋಡೋಣ. ಮುಸ್ಲಿಮರು ಅಚ್ಚಿನ ಯಂತ್ರವನ್ನು ನಿಷೇಧಿಸಿದರು, ಆದುದರಿಂದಲೇ ಹಿಂದುಳಿದರು ಎಂಬ ಮಾತು ಬಹಳ ಪ್ರಚಲಿತ. 1485ರಲ್ಲಿ ಎರಡನೆಯ ಬಾಯಝೀದ್ ಮತ್ತು 1515ರಲ್ಲಿ ಮೊದಲನೆಯ ಸಲೀಮ್ ಎಂಬ ಉಸ್ಮಾನೀ ಸುಲ್ತಾನರು ಮುದ್ರಣವನ್ನು ಮರಣದಂಡನೆಯ ಬೆದರಿಕೆಯೊಂದಿಗೆ ನಿಷೇಧಿಸಿದರೆಂದು ಪುಸ್ತಕದಿಂದ ಪುಸ್ತಕಕ್ಕೆ ಈ ಕಥೆ ಸಾಗಿಬಂದಿದೆ. 2017ರಲ್ಲಿ ಇತಿಹಾಸಕಾರ್ತಿ ಕ್ಯಾಥರಿನ್ ಶ್ವಾರ್ಟ್ಸ್ ಈ ಕಥೆಯ ಬೇರುಗಳನ್ನು ಹುಡುಕಿದರು. ಅಂತಹ ಆಜ್ಞಾಪತ್ರಗಳು ಇದ್ದವೆನ್ನಲು ಗಟ್ಟಿಯಾದ ಆಧಾರವಿಲ್ಲ, ಯುರೋಪಿನ ಬರಹಗಾರರ ಹೇಳಿಕೆಗಳನ್ನು ಒಬ್ಬರಿಂದೊಬ್ಬರು ಎತ್ತಿಕೊಂಡು ಕಥೆಯು ಬೆಳೆದಿದೆ ಎಂದು ಅವರು ವಾದಿಸಿದರು. ಅವರು ಮಾಡಿದ್ದೇನು? ಒಂದು ವರದಿಯ ಸನದನ್ನು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗಿ ಅದು ಎಲ್ಲಿ ಕಡಿದಿದೆ ಎಂದು ತೋರಿಸಿದರು. ಮುಹದ್ದಿಸರ ಕೆಲಸವೂ ಇದೇ ಆಗಿತ್ತು.

ಇಸ್ತಾಂಬುಲ್‌ನಲ್ಲಿ ಯಹೂದಿಯರ ಮುದ್ರಣಾಲಯವು 1493ರಷ್ಟು ಹಿಂದೆಯೇ ಇತ್ತು. 1588ರಲ್ಲಿ ಮೂರನೆಯ ಮುರಾದ್ ಸುಲ್ತಾನರು ಯುರೋಪಿನ ವ್ಯಾಪಾರಿಗಳಿಗೆ ಅರಬಿ ಮುದ್ರಿತ ಗ್ರಂಥಗಳನ್ನು ಮಾರಲು ಅನುಮತಿ ನೀಡಿದ್ದರು. ಆದರೂ ಮುಸ್ಲಿಮರೇ ನಡೆಸಿದ ಮುದ್ರಣವು ತಡವಾಗಿ ಬಂದುದು ನಿಜ. ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿ ಇಸ್ಲಾಮ್ ಸ್ವೀಕರಿಸಿದ ಇಬ್ರಾಹೀಮ್ ಮುತಫರ್ರಿಕಾ 1727ರಲ್ಲಿ ಅನುಮತಿ ಪಡೆದು, 1729ರಲ್ಲಿ ಅರಬಿ–ತುರ್ಕಿ ನಿಘಂಟೊಂದನ್ನು ತಮ್ಮ ಮೊದಲ ಗ್ರಂಥವಾಗಿ ಅಚ್ಚುಮಾಡಿದರು. 1742ರವರೆಗೆ ಅವರು ಹೊರತಂದದ್ದು 17 ಗ್ರಂಥಗಳು. ಶೈಖುಲ್ ಇಸ್ಲಾಮರ ಫತ್ವಾ ಮುದ್ರಣಕ್ಕೆ ಸಮ್ಮತಿ ನೀಡಿತ್ತು. ಆದರೆ ಅಚ್ಚಿನ ಕರಡನ್ನು ತಿದ್ದಲು ವಿದ್ವಾಂಸರು ಇರಬೇಕೆಂದು ಹೇಳಿತ್ತು. ಕುರ್‌ಆನ್, ಹದೀಸ್, ತಫ್ಸೀರ್, ಫಿಕ್‌ಹ್ ಗ್ರಂಥಗಳನ್ನು ಅನುಮತಿಯಿಂದ ಹೊರಗಿಡಲಾಗಿತ್ತು.

ಈ ಹಿಂಜರಿಕೆಗೆ ಯಂತ್ರದ ಮೇಲಿನ ದ್ವೇಷವೇ ಕಾರಣವೆಂದು ಹೇಳಲಾಗದು. 1537–38ರ ಸುಮಾರಿಗೆ ವೆನಿಸ್ಸಿನ ಪಗನಿನಿ ಮುದ್ರಕರು ಕುರ್‌ಆನನ್ನು ಅಚ್ಚುಮಾಡಿದ್ದರು. ಕಳೆದೇಹೋಗಿದೆಯೆಂದು ಭಾವಿಸಲಾಗಿದ್ದ ಅದರ ಪ್ರತಿಯೊಂದು 1987ರಲ್ಲಿ ವೆನಿಸ್ಸಿನ ಕ್ರೈಸ್ತ ಮಠವೊಂದರ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಅದರ ತುಂಬ ಅಕ್ಷರದೋಷಗಳಿದ್ದವು. ಹಸ್ತಪ್ರತಿಯ ತಪ್ಪು ಒಂದು ಪ್ರತಿಯಲ್ಲಿ ಉಳಿಯುತ್ತದೆ. ಅಚ್ಚಿನ ತಪ್ಪು ಒಮ್ಮೆಗೇ ಸಾವಿರ ಪ್ರತಿಗಳಿಗೆ ಹರಡುತ್ತದೆ. ಆದುದರಿಂದ ಇದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಎದ್ದುದು ಸಹಜವೇ ಆಗಿತ್ತು.

ಆ ಪ್ರಶ್ನೆಗೆ ಉತ್ತರ ದೊರೆತಾಗ ಅಚ್ಚು ನಮ್ಮದೂ ಆಯಿತು. ಈಜಿಪ್ಟಿನಲ್ಲಿ ಶಾಲೆಗಳಿಗೆ ಹೊರದೇಶದಿಂದ ಬರುತ್ತಿದ್ದ ಮುದ್ರಿತ ಮುಸ್‌ಹಫ್‌ಗಳಲ್ಲಿ ತಪ್ಪುಗಳು ಕಂಡುಬಂದಾಗ, ಅಲ್ಲಿನ ಪ್ರಧಾನ ಪಾರಾಯಣ ವಿದ್ವಾಂಸರ ಮೇಲ್ವಿಚಾರಣೆಯಲ್ಲಿ ಸಮಿತಿಯೊಂದು ಕಿರಾಅತ್ ವಿದ್ಯೆಯ ಆಧಾರದಿಂದ ಪರಿಶೋಧಿಸಿ 1924ರಲ್ಲಿ ಕೈರೋ ಮುಸ್‌ಹಫ್‌ನ್ನು ಹೊರತಂದಿತು. ಮದೀನಾದ ಕಿಂಗ್ ಫಹದ್ ಮುದ್ರಣ ಸಮುಚ್ಚಯದ ಮುಸ್‌ಹಫ್ ನಿಮ್ಮ ಮನೆಯಲ್ಲಿದ್ದರೆ ಅದರ ಕೊನೆಯ ಪುಟಗಳನ್ನು ಮಕ್ಕಳಿಗೆ ತೋರಿಸಿ. ಈ ಪಾಠವು ಹಫ್ಸ್(ರ)ರಿಂದ, ಅವರಿಗೆ ಆಸಿಮ್(ರ)ರಿಂದ, ಅವರಿಗೆ ಅಬೂ ಅಬ್ದುರ್ರಹ್ಮಾನ್ ಅಸ್ಸುಲಮೀ(ರ)ಯವರಿಂದ, ಅವರಿಗೆ ಸಹಾಬಿಗಳಿಂದ, ಅವರಿಗೆ ಪ್ರವಾದಿ(ಸ)ಯವರಿಂದ ದೊರೆತದ್ದೆಂದು ಅಲ್ಲಿ ನಮೂದಿಸಲಾಗಿರುತ್ತದೆ. ಉಸ್ಮಾನ್(ರ)ರು ಕೂಫಾಕ್ಕೆ ಗೊತ್ತುಪಡಿಸಿದ ಆ ಗುರುವಿನ ಹೆಸರು ಇಂದಿನ ಯಂತ್ರದಿಂದ ಹೊರಬರುವ ಪ್ರತಿಯಲ್ಲಿಯೂ ಇದೆ. ವಾಹಕ ಬದಲಾಯಿತು, ಸನದು ಕಡಿಯಲಿಲ್ಲ.

ಕಲ್ಲಚ್ಚು ಮತ್ತು ನಮ್ಮ ನಾಡು

ಭಾರತದಲ್ಲಿ ಈ ಬದಲಾವಣೆಗೆ ದಾರಿ ಮಾಡಿದ್ದು ಕಲ್ಲಚ್ಚು. ಮೊಳೆಗಳನ್ನು ಜೋಡಿಸಬೇಕಾದ ಮುದ್ರಣದಲ್ಲಿ ಅರಬಿ, ಫಾರಸಿ, ಉರ್ದು ಲಿಪಿಗಳ ಕೂಡಿಕೊಂಡ ಅಕ್ಷರಗಳು ತೊಡಕಾಗಿದ್ದವು. ಹದಿನೆಂಟನೆಯ ಶತಮಾನದ ಕೊನೆಗೆ ಜರ್ಮನಿಯಲ್ಲಿ ರೂಪುಗೊಂಡ ಕಲ್ಲಚ್ಚಿನಲ್ಲಿ ಲಿಪಿಕಾರನು ಬರೆದಂತೆಯೇ ಪುಟವು ಮೂಡುತ್ತದೆ. ಖಾತಿಬರ ಕೈಗೆ ಕೆಲಸ ತಪ್ಪಲಿಲ್ಲ, ಓದುಗನ ಕಣ್ಣಿಗೆ ಪುಟ ಅಪರಿಚಿತವೆನಿಸಲಿಲ್ಲ. 1858ರಲ್ಲಿ ಲಕ್ನೋದಲ್ಲಿ ಮುನ್ಶಿ ನವಲ್ ಕಿಶೋರರು ಸ್ಥಾಪಿಸಿದ ಮುದ್ರಣಾಲಯವು ಅಸಂಖ್ಯ ಇಸ್ಲಾಮೀ ಗ್ರಂಥಗಳನ್ನೂ ಕುರ್‌ಆನ್ ಪ್ರತಿಗಳನ್ನೂ ಹೊರತಂದಿತು. ಒಬ್ಬ ಹಿಂದೂ ಮುದ್ರಕರ ಮೂಲಕ ಕುರ್‌ಆನಿನ ಪ್ರತಿಗಳು ಬಡವರ ಮನೆಗಳನ್ನು ತಲುಪಿದ್ದು ಈ ದೇಶದ ಇತಿಹಾಸದ ಒಂದು ಹಿರಿಮೆ.

ಕನ್ನಡ ಪತ್ರಿಕೆಯ ಮೂಲದಲ್ಲಿಯೂ ಇದೇ ಕಲ್ಲಚ್ಚಿದೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಮುದ್ರಿತವಾಯಿತು. ಒಂದು ಧರ್ಮಪ್ರಚಾರ ಸಂಸ್ಥೆಯವರ ಕೈಯಲ್ಲಿ ಕನ್ನಡದ ಮೊದಲ ಪತ್ರಿಕೆ ಹುಟ್ಟಿತೆಂಬುದೇ ಧರ್ಮಕ್ಕೂ ಮಾಧ್ಯಮಕ್ಕೂ ಇರುವ ಹತ್ತಿರದ ಸಂಬಂಧಕ್ಕೆ ನಮ್ಮ ನಾಡಿನ ಸಾಕ್ಷ್ಯ. ನೂರಮೂವತ್ತೈದು ವರ್ಷಗಳ ಬಳಿಕ, 1978ರಲ್ಲಿ, ಅದೇ ಮಂಗಳೂರಿನಿಂದ ‘ಸನ್ಮಾರ್ಗ’ ವಾರಪತ್ರಿಕೆಯು ಆರಂಭವಾಗಿ ಇಸ್ಲಾಮೀ ವಿಚಾರಗಳನ್ನು ಕನ್ನಡದಲ್ಲಿ ಮನೆಮನೆಗೆ ಒಯ್ದಿತು.

ಅಚ್ಚು ನಮ್ಮ ಧಾರ್ಮಿಕ ಜೀವನವನ್ನು ಹೇಗೆ ಬದಲಿಸಿತು ಎಂಬುದನ್ನು ಲಂಡನ್ ವಿಶ್ವವಿದ್ಯಾನಿಲಯದ ಇತಿಹಾಸಕಾರ ಫ್ರಾನ್ಸಿಸ್ ರಾಬಿನ್ಸನ್ 1993ರ ಒಂದು ಪ್ರಬಂಧದಲ್ಲಿ ವಿಶ್ಲೇಷಿಸಿದರು. ಇಸ್ಲಾಮೀ ವಿದ್ಯೆಯು ಮನುಷ್ಯನಿಂದ ಮನುಷ್ಯನಿಗೆ, ಗುರುವಿನಿಂದ ಶಿಷ್ಯನಿಗೆ ಸಾಗುತ್ತಿತ್ತು; ಅಚ್ಚು ಆ ಕ್ರಮದ ಬುಡವನ್ನೇ ಮುಟ್ಟಿತು ಎಂಬುದು ಅವರ ವಾದ. ಆಂಗ್ಲರ ಆಳ್ವಿಕೆಯಲ್ಲಿ ರಾಜ್ಯದ ಆಸರೆ ಕಳೆದುಕೊಂಡ ಭಾರತದ ಉಲಮಾಗಳು ಅಚ್ಚನ್ನು ಧೈರ್ಯದಿಂದ ಕೈಗೆತ್ತಿಕೊಂಡರು, ಗ್ರಂಥಗಳನ್ನು ಜನರ ಭಾಷೆಗೆ ತಂದರು, ತಮ್ಮ ಪ್ರಭಾವವನ್ನು ವಿಸ್ತರಿಸಿದರು. ಆದರೆ ಅದೇ ಅಚ್ಚು ಗುರುವಿಲ್ಲದೆ ಓದುವ ಓದುಗನನ್ನೂ ಹುಟ್ಟಿಸಿತು. ಇಬ್ನು ಸ್ಸಲಾಹ್‌ರ ಮಾತಿನಲ್ಲಿ ಹೇಳುವುದಾದರೆ, ಅತ್ಯಂತ ದುರ್ಬಲವೆನಿಸಿದ್ದ ವಿಜಾದವು ಸಾಮಾನ್ಯ ದಾರಿಯಾಯಿತು.

ಧ್ವನಿಯ ಮರಳುವಿಕೆ

ಇಪ್ಪತ್ತನೆಯ ಶತಮಾನದಲ್ಲಿ ಧ್ವನಿಯು ಯಂತ್ರದ ಮೂಲಕ ಮರಳಿತು. 1934ರ ಮೇ 31ರಂದು ಈಜಿಪ್ಟಿನ ಸರಕಾರಿ ರೇಡಿಯೋ ಆರಂಭವಾದುದು ಶೈಖ್ ಮುಹಮ್ಮದ್ ರಿಫ್ಅತ್‌ರ ಕುರ್‌ಆನ್ ಪಾರಾಯಣದಿಂದ. ಲಬೀಬ್ ಅಸ್ಸಈದ್ ಎಂಬವರ ಪ್ರಯತ್ನದ ಫಲವಾಗಿ, ಶೈಖ್ ಮಹ್‌ಮೂದ್ ಖಲೀಲ್ ಅಲ್‌ಹುಸರೀಯವರ ಕಂಠದಲ್ಲಿ ಸಂಪೂರ್ಣ ಕುರ್‌ಆನಿನ ಧ್ವನಿಮುದ್ರಣವು 1961ರಲ್ಲಿ ಹೊರಬಂದಿತು. ಅಬೂಬಕರ್(ರ)ರ ಕಾಲದ ಲಿಖಿತ ಸಂಗ್ರಹಕ್ಕೆ ಜೊತೆಯಾಗಿ ಇದೊಂದು ಧ್ವನಿಸಂಗ್ರಹವೆಂಬುದು ಲಬೀಬರ ಕಲ್ಪನೆಯಾಗಿತ್ತು.

ಆ ಬಳಿಕ ಕ್ಯಾಸೆಟ್ ಬಂದಿತು. 1978ರಲ್ಲಿ ಫ್ರಾನ್ಸಿನಲ್ಲಿದ್ದ ಆಯತುಲ್ಲಾ ಖುಮೈನಿಯವರ ಭಾಷಣಗಳು ಕ್ಯಾಸೆಟ್‌ಗಳಾಗಿ ಇರಾನಿನಲ್ಲಿ ಹರಡಿದವು. ರೇಡಿಯೋ ಮತ್ತು ದೂರದರ್ಶನ ಎರಡನ್ನೂ ಕೈಯಲ್ಲಿಟ್ಟುಕೊಂಡಿದ್ದ ಷಾ ಸರಕಾರಕ್ಕೆ ಅವುಗಳನ್ನು ತಡೆಯಲಾಗಲಿಲ್ಲ. ಈ ಘಟನೆಯನ್ನು ಕುರಿತು 1994ರಲ್ಲಿ ಪ್ರಕಟವಾದ ಅಧ್ಯಯನವನ್ನು ಮಾಧ್ಯಮ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕೈರೋದಲ್ಲಿ ಮಾನವಶಾಸ್ತ್ರಜ್ಞ ಚಾರ್ಲ್ಸ್ ಹಿರ್ಷ್‌ಕೈಂಡ್ ಟ್ಯಾಕ್ಸಿಗಳಲ್ಲಿ, ಅಂಗಡಿಗಳಲ್ಲಿ, ಮನೆಗಳಲ್ಲಿ ಪ್ರವಚನದ ಕ್ಯಾಸೆಟ್ ಕೇಳುವವರ ಜೊತೆ ಕುಳಿತು ಅಧ್ಯಯನ ಮಾಡಿ 2006ರಲ್ಲಿ ಗ್ರಂಥ ಪ್ರಕಟಿಸಿದರು. ಹೊರಗಿನವರು ಕ್ಯಾಸೆಟ್ ಪ್ರವಚನವನ್ನು ಉದ್ರೇಕದ ಸಾಧನವೆಂದು ಮಾತ್ರ ನೋಡುತ್ತಿದ್ದರು. ಕೇಳುವವರ ಪಾಲಿಗೆ ಅದು ಹೃದಯವನ್ನು ಮೆದುಗೊಳಿಸುವ, ಅಲ್ಲಾಹನ ಭಯವನ್ನೂ ವಿನಯವನ್ನೂ ರೂಢಿಸಿಕೊಳ್ಳುವ ಅಭ್ಯಾಸವಾಗಿತ್ತು ಎಂದು ಅವರು ತೋರಿಸಿದರು. ಚೆನ್ನಾಗಿ ಕೇಳುವುದೂ ಒಂದು ಇಬಾದತ್ ಎಂದು ಬಲ್ಲ ನಮಗೆ ಇದು ಹೊಸ ಮಾತಲ್ಲ. ಆದರೆ ವಿಶ್ವವಿದ್ಯಾನಿಲಯದ ಭಾಷೆಯಲ್ಲಿ ಅದನ್ನು ಜಗತ್ತಿಗೆ ಹೇಳುವವರು ಬೇಕಾಗಿತ್ತು.

ನಮ್ಮನ್ನು ಕುರಿತು, ನಮ್ಮಿಂದ

ಈ ಅಧ್ಯಯನದ ಇನ್ನೊಂದು ಮುಖವೆಂದರೆ, ಮಾಧ್ಯಮವು ಧರ್ಮವನ್ನು ಹೇಗೆ ಚಿತ್ರಿಸುತ್ತದೆ ಎಂಬುದು. 1979ರ ಇರಾನ್ ಕ್ರಾಂತಿ ಮತ್ತು ಒತ್ತೆಯಾಳುಗಳ ಬಿಕ್ಕಟ್ಟಿನ ವೇಳೆ ಅಮೆರಿಕದ ಪತ್ರಿಕೆಗಳೂ ದೂರದರ್ಶನವೂ ಇಸ್ಲಾಮನ್ನು ತೋರಿಸಿದ ಬಗೆಯನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಸಈದ್ 1981ರಲ್ಲಿ ಗ್ರಂಥವೊಂದರಲ್ಲಿ ಪರಿಶೀಲಿಸಿದರು. ಅದರ ಶೀರ್ಷಿಕೆಯಲ್ಲಿರುವ ಇಂಗ್ಲಿಷ್ ಪದಕ್ಕೆ ವರದಿ ಮಾಡುವುದು ಎಂಬ ಅರ್ಥವೂ ಇದೆ, ಮುಚ್ಚಿಡುವುದು ಎಂಬ ಅರ್ಥವೂ ಇದೆ. ಸಈದ್ ಪ್ಯಾಲೆಸ್ತೀನಿನ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ನ್ಯಾಯವಾದ ವಿಮರ್ಶೆಗೆ ಸ್ವಧರ್ಮೀಯರೇ ಆಗಬೇಕೆಂದಿಲ್ಲ ಎಂಬುದಕ್ಕೆ ಅವರು ನಿದರ್ಶನ.

ಭಾರತದ ಮಟ್ಟಿಗೆ ಅರವಿಂದ ರಾಜಗೋಪಾಲ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದುದು. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಪ್ರಸಾರವಾದ ‘ರಾಮಾಯಣ’ ಧಾರಾವಾಹಿಗೂ ಆ ಬಳಿಕದ ರಾಜಕೀಯಕ್ಕೂ ಇರುವ ಸಂಬಂಧವನ್ನು ಅವರು ಪರಿಶೀಲಿಸಿದರು. ಅಯೋಧ್ಯೆಯ ಘಟನೆಗಳನ್ನು ಇಂಗ್ಲಿಷ್ ಪತ್ರಿಕೆಗಳು ಒಂದು ಬಗೆಯಲ್ಲಿಯೂ ಹಿಂದೀ ಪತ್ರಿಕೆಗಳು ಇನ್ನೊಂದು ಬಗೆಯಲ್ಲಿಯೂ ಹೇಳಿದವು, ಓದುಗರ ಸಮಾಜವೇ ಎರಡಾಗಿತ್ತು ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲೊಂದು. ಕನ್ನಡ ಪತ್ರಿಕೆಗಳ ಮಟ್ಟಿಗೂ ಇಂತಹ ವಿಸ್ತಾರವಾದ ಅಧ್ಯಯನ ನಡೆಯಬೇಕಾದುದು ಅಗತ್ಯ.

2020ರ ಮಾರ್ಚ್ ತಿಂಗಳಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿಯು ದೇಶದ ಮುಸ್ಲಿಮರನ್ನೆಲ್ಲ ರೋಗ ಹರಡುವವರಂತೆ ಚಿತ್ರಿಸಿದಾಗ ನಮ್ಮ ಬೀದಿಬದಿಯ ವ್ಯಾಪಾರಿಗಳೂ ಅದರ ಬಿಸಿಯನ್ನು ಅನುಭವಿಸಿದರು. ಅದೇ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಅಲ್ಲಿಗೆ ಬಂದಿದ್ದ ವಿದೇಶೀಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತ, ಅವರ ವಿರುದ್ಧ ಮುದ್ರಣ ಮತ್ತು ದೃಶ್ಯ ಮಾಧ್ಯಮಗಳಲ್ಲಿ ನಡೆದ ಅಪಪ್ರಚಾರವನ್ನು ಟೀಕಿಸಿತು. ತೀರ್ಪು ಬಂದುದು ಐದು ತಿಂಗಳ ಬಳಿಕ. ಈ ನಡುವೆ ನಾವು ನೊಂದೆವು, ಪ್ರಾರ್ಥಿಸಿದೆವು, ಸಂದೇಶಗಳನ್ನು ಹಂಚಿಕೊಂಡೆವು. ಆದರೆ ಯಾವ ವಾಹಿನಿ ಎಷ್ಟು ಹೊತ್ತು, ಯಾವ ಪದಗಳಲ್ಲಿ, ಯಾರ ಮಾತನ್ನು ಆಧರಿಸಿ ಏನು ಹೇಳಿತು ಎಂದು ದಿನದಿನವೂ ದಾಖಲಿಸಿ ವಿಶ್ಲೇಷಿಸುವ ತರಬೇತಿ ಪಡೆದವರು ನಮ್ಮಲ್ಲಿ ಎಷ್ಟು ಮಂದಿ ಇದ್ದರು? ದುಃಖವನ್ನು ಸಾಕ್ಷ್ಯವಾಗಿ ಮಾರ್ಪಡಿಸಲು ವಿದ್ಯೆ ಬೇಕು.

ಮೈಸೂರು, ಬೆಂಗಳೂರು, ಕರ್ನಾಟಕ, ಮಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗಗಳಿವೆ. ಅಲ್ಲಿ ಸಂಶೋಧನೆ ಮಾಡಬಯಸುವ ನಮ್ಮ ಮಕ್ಕಳಿಗೆ ವಿಷಯಗಳಿಗೆ ಬರವಿಲ್ಲ. ರಮಝಾನಿನ ಚಂದ್ರದರ್ಶನದ ಸುದ್ದಿಯು ಖಾಝಿಯವರಿಂದ ಮನೆಗೆ ತಲುಪುವ ದಾರಿ ಮೂರು ತಲೆಮಾರುಗಳಲ್ಲಿ ಹೇಗೆ ಬದಲಾಯಿತು? ಬ್ಯಾರಿ, ನವಾಯತಿ, ದಖ್ಖನಿ ಉರ್ದು ಮನೆಮಾತಿನವರು ಕನ್ನಡದಲ್ಲಿ ದೀನನ್ನು ಓದತೊಡಗಿದಾಗ ಯಾವ ಪದಗಳನ್ನು ಉಳಿಸಿಕೊಂಡರು, ಯಾವುದನ್ನು ಅನುವಾದಿಸಿದರು? ಇವುಗಳನ್ನು ಒಳಗಿನಿಂದ ಬಲ್ಲವರು ಬರೆಯದಿದ್ದರೆ ಹೊರಗಿನವರು ಬರೆದದ್ದೇ ದಾಖಲೆಯಾಗುತ್ತದೆ.

ವಿಶ್ವವಿದ್ಯಾನಿಲಯವು ಧರ್ಮವನ್ನು ಮನುಷ್ಯನ ರಚನೆಯಂತೆ ನೋಡುತ್ತದೆ, ಮಕ್ಕಳ ಈಮಾನಿಗೆ ಇದು ಅಪಾಯವಲ್ಲವೇ ಎಂದು ಹೆತ್ತವರು ಕೇಳುವುದುಂಟು. ಇದು ನ್ಯಾಯವಾದ ಪ್ರಶ್ನೆ. ಸಂದೇಶವು ಸಾಗಿದ ದಾರಿಯನ್ನು ವಿವರಿಸುವುದು ಆ ಶಾಸ್ತ್ರದ ಸಾಮರ್ಥ್ಯ. ಸಂದೇಶವು ಸತ್ಯವೋ ಅಲ್ಲವೋ ಎಂದು ನಿರ್ಣಯಿಸುವುದು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಈ ಗೆರೆಯನ್ನು ಅರಿತ ವಿದ್ಯಾರ್ಥಿಗೆ ಭಯವಿಲ್ಲ. ಅಲ್ಲಿನ ಸಿದ್ಧಾಂತಗಳನ್ನೆಲ್ಲ ನುಂಗಬೇಕೆಂದೂ ಇಲ್ಲ. ಡೆ‌ನ್‌ಮಾರ್ಕಿನ ಸ್ಟಿಗ್ ಯಾರ್‌ವಾರ್ಡ್ 2008ರಲ್ಲಿ, ಆಧುನಿಕ ಸಮಾಜದಲ್ಲಿ ಧರ್ಮದ ಬಗೆಗಿನ ತಿಳಿವಳಿಕೆಯ ಮುಖ್ಯ ಮೂಲ ಮಾಧ್ಯಮವೇ ಆಗಿಬಿಟ್ಟಿದೆ ಎಂದು ವಾದಿಸಿದರು. ಅದು ಉತ್ತರ ಯುರೋಪಿನ ಅನುಭವ, ಎಲ್ಲೆಡೆಗೂ ಅನ್ವಯಿಸದು ಎಂದು ಇತರ ವಿದ್ವಾಂಸರು ಪ್ರತಿವಾದ ಹೂಡಿದರು. ಅಮೆರಿಕದ ಹೈಡಿ ಕ್ಯಾಂಪ್‌ಬೆಲ್ 2010ರಲ್ಲಿ ಯಹೂದಿ, ಕ್ರೈಸ್ತ, ಮುಸ್ಲಿಮ್ ಸಮುದಾಯಗಳನ್ನು ಅಧ್ಯಯನ ಮಾಡಿ, ಧಾರ್ಮಿಕ ಸಮುದಾಯಗಳು ಹೊಸ ತಂತ್ರಜ್ಞಾನಕ್ಕೆ ಸುಮ್ಮನೆ ಶರಣಾಗುವುದಿಲ್ಲ, ತಮ್ಮ ಇತಿಹಾಸ ಮತ್ತು ಮೌಲ್ಯಗಳ ಬೆಳಕಿನಲ್ಲಿ ಅದನ್ನು ಅಳೆದು ತೂಗಿ ತಮಗೆ ಹೊಂದುವಂತೆ ಮಾಡಿಕೊಳ್ಳುತ್ತವೆ ಎಂದು ವಿವರಿಸಿದರು. ಮುತಫರ್ರಿಕಾರಿಂದ ಕೈರೋ ಮುಸ್‌ಹಫ್‌ನವರೆಗಿನ ನಮ್ಮ ಇತಿಹಾಸವು ಈ ಎರಡನೆಯ ಮಾತಿಗೇ ಸಾಕ್ಷಿ ನುಡಿಯುತ್ತದೆ.

ಗುರುವಿನ ಮುಂದೆ ಕುಳಿತು ಅಕೀದವನ್ನು ಕಲಿತ ಮಗು ಅನಂತರ ವಿಶ್ವವಿದ್ಯಾನಿಲಯದಲ್ಲಿ ಈ ವಿದ್ಯೆಯನ್ನು ಕಲಿತರೆ ಅದು ಎರಡು ಕೈಗಳಿಂದಲೂ ಕೆಲಸ ಮಾಡಬಲ್ಲದು. ಮದ್ರಸದ ಉಸ್ತಾದರೂ ಹದೀಸ್ ವಿದ್ಯೆಯ ಎಂಟು ದಾರಿಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುವುದಕ್ಕೇ ನಿಲ್ಲಿಸದೆ ಇಂದಿನ ವಾಹಕಗಳಿಗೆ ಹೋಲಿಸಿ ಪಾಠ ಹೇಳಬೇಕು.

ಈ ವಿದ್ಯೆಯು ಮನೆಯಲ್ಲಿ ಕುಳಿತವರಿಗೂ ಬೇಕಾದುದೇ ಆಗಿದೆ. ನಮ್ಮ ಮೊಬೈಲುಗಳಿಗೆ ಪ್ರತಿದಿನ ಪ್ರವಾದಿ(ಸ)ಯವರ ಹೆಸರಿನಲ್ಲಿ ಸಂದೇಶಗಳು ಬರುತ್ತವೆ. ಯಾರು ಬರೆದರೆಂಬುದಿಲ್ಲ, ಯಾವ ಗ್ರಂಥದ್ದೆಂಬುದಿಲ್ಲ, ಹತ್ತು ಜನರಿಗೆ ಕಳುಹಿಸಿರೆಂಬ ಆದೇಶ ಮಾತ್ರ ಇರುತ್ತದೆ. ಪರಿಚಿತರಿಂದ ಬಂದಿತೆಂಬ ಕಾರಣಕ್ಕೆ ಅದು ಸಮಾಅ್ ಆಗುವುದಿಲ್ಲ. ಅದು ವಿಜಾದಕ್ಕಿಂತಲೂ ಕೆಳಗಿನದು, ಏಕೆಂದರೆ ವಿಜಾದದಲ್ಲಿ ಬರೆದವನ ಕೈಬರಹದ ಗುರುತಾದರೂ ಇರಬೇಕಿತ್ತು. ಸುದ್ದಿ ತಂದವನು ನಂಬಿಕೆಗೆ ಅರ್ಹನಲ್ಲದಿದ್ದರೆ ಪರಿಶೀಲಿಸಬೇಕೆಂದು ಸೂರಃ ಅಲ್‌ಹುಜುರಾತಿನ 6ನೆಯ ಆಯತ್ ಆದೇಶಿಸುತ್ತದೆ. ಅರಿಯದೆ ಒಂದು ಜನಸಮುದಾಯಕ್ಕೆ ಹಾನಿಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದೆಂಬ ಕಾರಣವನ್ನೂ ಅದು ತಿಳಿಸುತ್ತದೆ. ನಮ್ಮ ವಿರುದ್ಧ ಸುಳ್ಳು ಸುದ್ದಿ ಹರಡಿದವರಿಗೆ ಅನ್ವಯಿಸುವ ಆ ಆದೇಶವು ನಮ್ಮ ಬೆರಳ ತುದಿಗೂ ಅನ್ವಯಿಸುತ್ತದೆ.

ಸಂದೇಶವನ್ನು ಹೊತ್ತು ತರುವ ಸಕಲ ದಾರಿಗಳನ್ನು ಅರಿಯುವ ಜ್ಞಾನವನ್ನೂ, ಅರಿತದ್ದನ್ನು ನ್ಯಾಯದಿಂದ ಬಳಸುವ ವಿವೇಕವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.